ಸಮಾಧಿಯ ಬಳಿಯ ಹೈಡ್ರೇಂಜಿಯ

ನವೆಂಬರ್ ತಿಂಗಳು ಮೃತ ವಿಶ್ವಾಸಿಗಳ ಸ್ಮರಣೆಗೆ ಮೀಸಲು. ಸುಮಾರು ಕ್ರಿ.ಶ. 998ರಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಮಠಾಧಿಪತಿಯಾಗಿದ್ದ ಸಂತ ಒಡಿಲೊರವರು, ನವೆಂಬರ್ 2ರಂದು ಸಕಲ ಮೃತರಿಗಾಗಿ ಪ್ರಾರ್ಥಿಸಬೇಕೆಂದು ತಮ್ಮ ಮಠಗಳಲ್ಲಿ ಗೊತ್ತುಪಡಿಸಿದರು. ಆ ವಾಡಿಕೆ ಕ್ರಮೇಣ ಧರ್ಮಸಭೆಯ ಆಚರಣೆಯಾಯಿತು. ಅಂದು ನಮ್ಮ ಸಮಾಧಿಭೂಮಿಗಳು ಸೇವಂತಿಗೆಯಿಂದಲೂ ಮೇಣದ ಬತ್ತಿಗಳಿಂದಲೂ ತುಂಬಿರುತ್ತವೆ. ವಾರ ಕಳೆಯುವಷ್ಟರಲ್ಲಿ ಹೂಗಳು ಬಾಡುತ್ತವೆ. ಮುಂದಿನ ಹನ್ನೊಂದು ತಿಂಗಳು ಅತ್ತ ಸುಳಿಯುವವರು ವಿರಳ.

ಕೊಡಗಿನ ಧರ್ಮಕೇಂದ್ರವೊಂದರಲ್ಲಿ ನಾನು ಸೇವೆಯಲ್ಲಿದ್ದಾಗ, ವೃದ್ಧ ತಾಯಿಯೊಬ್ಬರು ಪತಿಯ ಸಮಾಧಿಯ ಪಾದದ ಬಳಿ ತಮ್ಮ ಮನೆಯಂಗಳದ ಹೈಡ್ರೇಂಜಿಯದ ಒಂದು ಕಡ್ಡಿಯನ್ನು ನೆಟ್ಟರು. ಗುಂಡಿಗೆ ಹಟ್ಟಿಗೊಬ್ಬರ ಹಾಕಿ, ಬುಡಕ್ಕೆ ತರಗೆಲೆ ಮುಚ್ಚಿದರು. ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು ಅದಕ್ಕೆ ಹಿತ. ನೀರಂತೂ ಬೇಕೇ ಬೇಕು. ಗುರುಮಠದಲ್ಲಿ ಕಲಿತ ಅಲ್ಪಸ್ವಲ್ಪ ಗ್ರೀಕ್ ನನಗೆ ಆಗ ನೆನಪಾಯಿತು. ಗಿಡದ ಹೆಸರಿನಲ್ಲಿಯೇ 'ನೀರು' ಮತ್ತು 'ಪಾತ್ರೆ' ಎಂಬ ಎರಡು ಪದಗಳಿವೆ. ಅದರ ಬೀಜಕೋಶ ಪುಟ್ಟ ಕೊಡದಂತಿರುವುದೇ ಇದಕ್ಕೆ ಕಾರಣ. ಬೇಸಿಗೆಯಲ್ಲಿ ಎರಡು ದಿನ ನೀರು ತಪ್ಪಿದರೆ ಅದರ ಅಗಲವಾದ ಎಲೆಗಳು ಜೋತುಬೀಳುತ್ತವೆ. ಅದು ತನ್ನ ಬಾಯಾರಿಕೆಯನ್ನು ಮರೆಮಾಚುವುದಿಲ್ಲ.

ಎರಡನೆಯ ವರ್ಷವೂ ಗಿಡ ಹೂ ಬಿಡಲಿಲ್ಲ. ಕಾರಣ ಸರಳವಾಗಿತ್ತು. ನವೆಂಬರ್ 2ಕ್ಕೆ ಮುನ್ನ ಸಮಾಧಿಭೂಮಿಯನ್ನು ಶುಚಿಗೊಳಿಸುವವರು ಕಳೆಯೊಂದಿಗೆ ಅದರ ಕಡ್ಡಿಗಳನ್ನೂ ಸವರಿಬಿಡುತ್ತಿದ್ದರು. ಈ ಗಿಡ ಮುಂದಿನ ವರ್ಷದ ಮೊಗ್ಗನ್ನು ಹಳೆಯ ಕಡ್ಡಿಯ ತುದಿಯಲ್ಲಿ ಮೊದಲೇ ಅಡಗಿಸಿಟ್ಟುಕೊಂಡಿರುತ್ತದೆ. ಕತ್ತರಿಸುವುದಾದರೆ ಹೂವಿನ ಕಾಲ ಮುಗಿದ ಕೂಡಲೇ ಕತ್ತರಿಸಬೇಕು. ಬರಲುಕಡ್ಡಿಯೆಂದು ನಾವು ಸವರುವುದರೊಳಗೆ ಬರಲಿರುವ ಹೂ ಇರುತ್ತದೆ. ಮರಣವನ್ನು ಕುರಿತು ನಮ್ಮ ವಿಶ್ವಾಸ ಹೇಳುವುದೂ ಇದನ್ನೇ ಅಲ್ಲವೇ?

ಮೂರನೆಯ ವರ್ಷ ಹೂ ಬಿಟ್ಟಿತು. ಮನೆಯಂಗಳದ ತಾಯಿಗಿಡದಲ್ಲಿ ನೀಲಿ, ಇಲ್ಲಿ ಗುಲಾಬಿ! ಕೊಡಗಿನ ಭಾರೀ ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಹುಳಿ ಮಣ್ಣಿನಲ್ಲಿ ಬೇರು ಅಲ್ಯೂಮಿನಿಯಂ ಅನ್ನು ಸುಲಭವಾಗಿ ಹೀರುವುದರಿಂದ ಹೂ ನೀಲಿಯಾಗುತ್ತದೆ. ಸಮಾಧಿಯ ಸಿಮೆಂಟಿನಿಂದ ಸುಣ್ಣ ಇಳಿದ ಕಡೆ ಅದೇ ಗಿಡ ಗುಲಾಬಿ ಹೂ ಕೊಡುತ್ತದೆ. "ಒಂದೇ ಬೇರಿನದು ಫಾದರ್, ನನ್ನ ಮಕ್ಕಳ ಹಾಗೆ" ಎಂದರು ಆ ತಾಯಿ.

ಆ ಮಾತಿನ ಹಿಂದಿನ ನೋವು ನನಗೆ ತಿಳಿದಿತ್ತು. ಅವರ ಇಬ್ಬರು ಗಂಡುಮಕ್ಕಳು ಆಸ್ತಿಯ ಪಾಲಿನ ವಿಷಯವಾಗಿ ಮಾತು ಬಿಟ್ಟಿದ್ದರು. ತಂದೆಯ ವರ್ಷದ ಬಲಿಪೂಜೆಗೂ ಬೇರೆಬೇರೆ ಬೆಂಚುಗಳಲ್ಲಿ ಕುಳಿತಿದ್ದರು. ಮರುವರ್ಷ ತಾಯಿ ಹಾಸಿಗೆ ಹಿಡಿದಾಗ ಇಬ್ಬರನ್ನೂ ಪ್ರತ್ಯೇಕವಾಗಿ ಕರೆದು, "ಗಿಡಕ್ಕೆ ನೀರು ಹಾಕು" ಎಂದಷ್ಟೇ ಕೇಳಿಕೊಂಡರು. ಹಿರಿಯವನು ಭಾನುವಾರ, ಕಿರಿಯವನು ಗುರುವಾರ ಬರತೊಡಗಿದರು. ಫೆಬ್ರವರಿ, ಮಾರ್ಚ್ ತಿಂಗಳ ಬಿಸಿಲಿನಲ್ಲಿ ಅದು ಸಾಲದಾಯಿತು. ಒಬ್ಬನು ನೀರೆರೆದು, ಕೊಡವನ್ನು ಮತ್ತೆ ತುಂಬಿಸಿ, ಮತ್ತೊಬ್ಬನಿಗಾಗಿ ಸಮಾಧಿಯ ಪಕ್ಕದಲ್ಲಿ ಇಟ್ಟುಹೋಗುವುದನ್ನು ನಾನು ಕಂಡೆ. ಅವರ ವ್ಯಾಜ್ಯ ಮುಗಿಯಿತೆಂದು ಹೇಳಲಾರೆ. ನಾನು ವರ್ಗವಾಗುವವರೆಗೂ ಮುಗಿದಿರಲಿಲ್ಲ. ಆದರೆ ತಾಯಿಯ ಅಂತ್ಯಕ್ರಿಯೆಯಂದು ಶವಪೆಟ್ಟಿಗೆಯ ಮುಂಭಾಗಕ್ಕೆ ಇಬ್ಬರೂ ಒಟ್ಟಿಗೆ ಹೆಗಲು ಕೊಟ್ಟರು. ಗಿಡಕ್ಕೆ ಪೆಟ್ಟಾಗದಂತೆ ಗುಂಡಿ ತೋಡಿಸಿದವನು ಕಿರಿಯವನು.

ಸಂತ ಯೊವಾನ್ನರ ಶುಭಸಂದೇಶದ ಪ್ರಕಾರ ಪ್ರಭು ಯೇಸುವಿನ ಸಮಾಧಿ ಇದ್ದದ್ದು ಒಂದು ತೋಟದಲ್ಲಿ. ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳು ಅವರನ್ನು ತೋಟಗಾರನೆಂದೇ ಭಾವಿಸಿದಳು. ಸಮಾಧಿಯ ಬಳಿ ಮಂಡಿಯೂರಿ ಮಣ್ಣು ಸಡಿಲಿಸುವವರನ್ನು ಕಂಡಾಗಲೆಲ್ಲ ಆ ಭಾವನೆ ಪೂರ್ತಿ ತಪ್ಪಲ್ಲವೆಂದು ನನಗೆ ತೋರುತ್ತದೆ.

ಪ್ರಿಯ ಓದುಗರೇ, ಹೂವಿನ ಹಾರ ಒಂದು ದಿನದ ಸ್ಮರಣೆ. ಗಿಡವಾದರೋ ನಮ್ಮನ್ನು ಮರಳಿ ಕರೆಯುತ್ತದೆ. ನಿಮ್ಮ ಊರು ಬಯಲುಸೀಮೆಯಾದರೆ ಹೈಡ್ರೇಂಜಿಯ ಬಾಳದಿರಬಹುದು. ನಂದಿಬಟ್ಟಲು, ಕಣಗಿಲೆ ಸಾಕು. ನಿಮ್ಮವರ ಸಮಾಧಿ ದೂರದಲ್ಲಿದ್ದರೆ, ಹತ್ತಿರದಲ್ಲಿ ಯಾರೂ ಬಾರದ ಸಮಾಧಿಯೊಂದು ಇದ್ದೇ ಇರುತ್ತದೆ. ಅಲ್ಲಿ ಒಂದು ಕೊಡ ನೀರೆರೆದು, ಅವರಿಗಾಗಿ ಒಂದು ಪ್ರಾರ್ಥನೆ ಸಲ್ಲಿಸಿರಿ.