ಕುದುರೆ ಮೇಲೆ ಬಂದೋನೂ ನೆಲದ ಮೇಲೆ ನಿಂತೋರೂ



ಇವತ್ತು ಸ್ವಲ್ಪ ಬೇರೆ ವಿಷಯ. ಹಗಲೆಲ್ಲಾ ಆಫೀಸಿನ ಫೈಲು, ಸಂಜೆ ಸಂಘಟನೆ ಕೆಲಸ. ಭಾನುವಾರ ಮಧ್ಯಾಹ್ನ ಮಾತ್ರ ನಮ್ಮ ಕಾಲೋನಿ ಮಕ್ಕಳಿಗೆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡಿಸ್ತೀನಿ. ಮಗಳು ಕಾಲೇಜಲ್ಲಿ ಕಲಿತು ಮನೆಗೆ ತಂದ ಆಟ. ದಾಳ, ಪೆನ್ಸಿಲು, ಒಂದು ಕಥೆ ಇದ್ರೆ ಸಾಕು. ಕಥೆ ನಡೆಸೋನು ನಾನು, ಮಕ್ಕಳಿಗೆ ಒಂದೊಂದು ಪಾತ್ರ.

ಒಂದು ವಿಷಯ ಗಮನಿಸಿದೀನಿ. ರಾಕ್ಷಸ ಬಂದ್ರೂ ಹೆದರದ ಮಕ್ಕಳು, ಕುದುರೆ ಸವಾರರು ಬರ್ತಿದಾರೆ ಅಂದ ತಕ್ಷಣ "ಓಡೋಣ ಅಂಕಲ್" ಅಂತಾರೆ. ಲೆಕ್ಕ ಹಾಕಿದ್ರೆ ಓಡೋದೇ ಅಪಾಯ. 2014ರ ನಿಯಮದಲ್ಲಿ ಮನುಷ್ಯನ ವೇಗ ಸುತ್ತಿಗೆ 30 ಅಡಿ, ಯುದ್ಧದ ಕುದುರೆಯದ್ದು 60. ಅದು 20 ಅಡಿ ನೇರ ಓಡಿಬಂದು ಗೊರಸಿಂದ ಹೊಡೆದ್ರೆ, ಸ್ಟ್ರೆಂತ್ ಸೇವ್‌ನಲ್ಲಿ 14 ಮುಟ್ಟದೋನು ನೆಲಕ್ಕೆ ಬೀಳ್ತಾನೆ.

ಹಾಗಾಗಿ ಆ 20 ಅಡಿಯನ್ನೇ ಕೊಡಬಾರದು. ಕೆಸರು, ಕಲ್ಲು, ಪೊದೆ ಇರೋ ಕಡೆ ನಿಲ್ಲಬೇಕು. ಅಲ್ಲಿ ಒಂದಡಿ ನಡೆಯೋಕೆ ಎರಡಡಿ ವೇಗ ಖರ್ಚಾಗುತ್ತೆ. ಸವಾರನ ಉದ್ದದ ಲ್ಯಾನ್ಸ್ 5 ಅಡಿಯೊಳಗೆ ಬಂದೋರ ಮೇಲೆ ಸರಿಯಾಗಿ ನಡೆಯಲ್ಲ, ಎರಡು ಸಲ ದಾಳ ಹಾಕಿ ಕಡಿಮೆ ಬಿದ್ದದ್ದನ್ನೇ ತಗೋಬೇಕು. ಅಂದ್ರೆ ದೂರ ಓಡಿದೋನಿಗಿಂತ ಹತ್ತಿರ ನುಗ್ಗಿದೋನಿಗೇ ಅನುಕೂಲ. ಕುದುರೆ ಕಾಲಡಿ ಗ್ರೀಸ್ ಮಂತ್ರ ಹಾಕಿ ಜಾರಿಸಿದ್ರೆ, ಸವಾರ ತನ್ನ ರಿಯಾಕ್ಷನ್ ಖರ್ಚು ಮಾಡಿ ಇಳೀಬೇಕು, ಇಲ್ಲಾ ಬೀಳಬೇಕು. ಬಿದ್ದೋನು ಏಳೋಕೆ ಅವನ ಅರ್ಧ ವೇಗ, ಮತ್ತೆ ಹತ್ತೋಕೆ ಇನ್ನರ್ಧ ವೇಗ ಹೋಗುತ್ತೆ.

ಮಕ್ಕಳಿಗೆ ಕೋರೆಗಾಂವ್ ಕಥೆನೂ ಹೇಳಿದೆ. 1818ರ ಜನವರಿ 1, ಭೀಮಾ ನದಿ ದಡ. ಪೇಶ್ವೆ ಕಡೆ ಸಾವಿರಾರು ಸವಾರರು. ಕಂಪನಿ ಕಡೆ ಸುಮಾರು 800 ಜನ, ಹೆಚ್ಚಿನವರು ಕಾಲಾಳುಗಳು, ಅವರಲ್ಲಿ ಬಹಳ ಮಂದಿ ಮಹಾರರು. ಅವರು ಬಯಲಲ್ಲಿ ನಿಲ್ಲಲಿಲ್ಲ, ಊರೊಳಗೆ ಹೋಗಿ ಗೋಡೆ, ಮನೆಗಳ ಮರೆ ಹಿಡಿದರು. ಓಣಿಯಲ್ಲಿ ಕುದುರೆ ದಂಡಿನ ಆಟ ನಡೀಲಿಲ್ಲ, ಪೇಶ್ವೆ ಕಡೆಯೋರೂ ಕಾಲಾಳುಗಳನ್ನೇ ಒಳಗೆ ಕಳಿಸಬೇಕಾಯ್ತು. ನೀರಿಲ್ಲದೆ ದಿನವಿಡೀ ಕಾದಾಡಿದರು. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿನ ಸ್ತಂಭದ ಹತ್ತಿರ ಹೋಗಿ ನಿಂತದ್ದು ಸುಮ್ಮನೆ ಅಲ್ಲ.

ಆಮೇಲೆ ಆಟ ಮುಂದುವರೀತು. ಒಬ್ಬ ಹುಡುಗ, "ಕುದುರೆಗೆ 19 ಹಿಟ್ ಪಾಯಿಂಟ್ ಅಷ್ಟೇ, ಮೊದಲು ಅದನ್ನೇ ಹೊಡೆಯೋಣ" ಅಂದ. ನಿಯಮದ ಪ್ರಕಾರ ಅದು ಸರಿ. ಒಂಬತ್ತನೇ ಕ್ಲಾಸಿನ ಹುಡುಗಿ ಒಪ್ಪಲಿಲ್ಲ. "ಕುದುರೆ ನಮಗೇನು ಮಾಡ್ತು? ಅವನನ್ನ ಇಳಿಸಿ. ಕುದುರೆ ನಾನು ಹತ್ತೀನಿ."

ನಾನು ಒಂದು ಕ್ಷಣ ಸುಮ್ಮನಾದೆ. ಮದುವೆ ದಿನ ಕುದುರೆ ಹತ್ತಿದ ದಲಿತ ವರನ ಮೇಲೆ ಕಲ್ಲು ತೂರಿದ ಸುದ್ದಿ, ಪೊಲೀಸ್ ಕಾವಲಲ್ಲಿ ಮೆರವಣಿಗೆ ಹೊರಟ ಸುದ್ದಿ ರಾಜಸ್ಥಾನ, ಗುಜರಾತ್ ಕಡೆಯಿಂದ ಇವತ್ತಿಗೂ ಬರ್ತಾನೇ ಇದೆ. ಈ ಮಕ್ಕಳೂ ಆ ವಿಡಿಯೋ ಮೊಬೈಲಲ್ಲಿ ನೋಡಿದಾರೆ. "ಓಡೋಣ" ಅನ್ನೋ ಮಾತು ಬರೀ ಆಟದ್ದಲ್ಲ ಅಂತ ನನಗನ್ನಿಸುತ್ತೆ.

ಪುಸ್ತಕ ತೆಗೆದು ಓದಿ ಹೇಳಿದೆ. ಸವಾರಿ ಮಾಡೋಕೆ ಪ್ರಾಣಿ ನಿನಗಿಂತ ದೊಡ್ಡದಿರಬೇಕು, ಅದರ ಮೈಕಟ್ಟು ಕೂರೋ ಹಾಗಿರಬೇಕು, ಅದು ಒಪ್ಪಬೇಕು. ಷರತ್ತು ಇಷ್ಟೇ. ಹತ್ತೋರು ಯಾವ ಕೇರಿಯೋರು ಅಂತ ಕೇಳೋ ಸಾಲು ಅದರಲ್ಲಿಲ್ಲ.

ಮೂವರು ಸೇರಿ ಸವಾರನನ್ನ ಕೆಡವಿದ್ರು. ಕುದುರೆ ಒಪ್ಪುತ್ತಾ ಅಂತ ನೋಡೋಕೆ ಅವಳು ದಾಳ ಹಾಕಿದ್ಲು. 17 ಬಿತ್ತು. ಹತ್ತಿದ್ಲು.