ಮಾವ, ಅಳಿಯ ಮತ್ತು ಇಡೀ ಸಮಾಜ

ಸುಮಾರು 26,000 ಆತ್ಮಹತ್ಯೆಗಳ ದಾಖಲೆ. ಸತ್ತವರ ವಯಸ್ಸೆಷ್ಟು, ಗಂಡೋ ಹೆಣ್ಣೋ, ಮದುವೆಯಾಗಿತ್ತೇ, ಮಕ್ಕಳಿದ್ದವೇ ಎಂದು ಒಂದೊಂದನ್ನೂ ವಿಂಗಡಿಸುವ ಕೆಲಸ ಮಾರ್ಸೆಲ್ ಮಾಸ್ ಎಂಬ ಫ್ರೆಂಚ್ ತರುಣನ ಪಾಲಿಗೆ ಬಂದಿತ್ತು. ಕೆಲಸ ಹಚ್ಚಿದವರು ಸೋದರಮಾವ ಎಮಿಲ್ ಡರ್ಖೈಮ್. ಬೋರ್ಡೋ ನಗರದಲ್ಲಿ ಅಕ್ಕನ ಮಗನಿಗೆ ಪಾಠ ಹೇಳಿದ ಗುರುವೂ ಅವರೇ.

ಸಮಾಜದ ಘಟಕ ವ್ಯಕ್ತಿಯಲ್ಲ, ಕುಟುಂಬ ಎಂದು ಆಗಸ್ಟ್ ಕಾಮ್ಟ್ ಮೊದಲೇ ಹೇಳಿದ್ದರು. ಡರ್ಖೈಮ್ ಅದಕ್ಕೆ ಅಂಕಿ-ಅಂಶಗಳ ಬಲ ಕೊಟ್ಟರು. ಪ್ರಾಣ ಕಳೆದುಕೊಳ್ಳುವುದಕ್ಕಿಂತ ಖಾಸಗಿಯಾದ ನಿರ್ಧಾರ ಯಾವುದಿದೆ? ಆದರೂ ಒಂದು ದೇಶದಲ್ಲಿ ಅದರ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೆಚ್ಚು ಏರುಪೇರಾಗುತ್ತಿರಲಿಲ್ಲ. ಮನೆ-ಸಮುದಾಯಗಳು ಗಟ್ಟಿಯಾಗಿ ಹಿಡಿದುಕೊಂಡವರಲ್ಲಿ ಅದು ಕಡಿಮೆ. ಬಿಡಿ ಮನುಷ್ಯರನ್ನು ಕೂಡಿಸಿದ ಮೊತ್ತವೇ ಸಮಾಜವಲ್ಲ, ಅದಕ್ಕೆ ತನ್ನದೇ ಬಲವಿದೆ ಎಂದು 1897ರ ಅವರ ಪುಸ್ತಕ ಸಾರಿತು. ಮರುವರ್ಷವೇ ಅವರು ಆರಂಭಿಸಿದ ಪತ್ರಿಕೆಯ ಸುತ್ತ ಪ್ರತಿಭಾವಂತ ಶಿಷ್ಯರು ನೆರೆದರು.

ಆ ಬಳಗವನ್ನು ಮಹಾಯುದ್ಧ ನುಂಗಿತು. 1915ರಲ್ಲಿ ಶಿಷ್ಯ ರೋಬೆರ್ ಎರ್ಟ್ಸ್ ರಣರಂಗದಲ್ಲಿ ಮಡಿದ. ಅದೇ ವರ್ಷ ಡರ್ಖೈಮ್ ಅವರ ಮಗ ಆಂದ್ರೆಯೂ ತೀರಿಕೊಂಡ. ಪುತ್ರಶೋಕದಿಂದ ಚೇತರಿಸಿಕೊಳ್ಳಲಾಗದ ತಂದೆ 1917ರ ನವೆಂಬರಿನಲ್ಲಿ, 59ನೇ ವಯಸ್ಸಿಗೇ ಕಣ್ಣುಮುಚ್ಚಿದರು.

ಅಳಿಯ ಉಳಿದ. ಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ದುಭಾಷಿಯಾಗಿದ್ದಾಗ ಮಾಸ್ ಕಂಡ ಸಂಗತಿಯೊಂದಿದೆ. ಇಂಗ್ಲಿಷ್ ಸೈನಿಕರ ಕೈಗೆ ಫ್ರೆಂಚ್ ಸಲಿಕೆ ಒಗ್ಗುತ್ತಿರಲಿಲ್ಲ. ಒಂದು ಡಿವಿಜನ್ ಬದಲಾದಾಗಲೆಲ್ಲ 8,000 ಸಲಿಕೆಗಳನ್ನು ಬದಲಾಯಿಸಬೇಕಾಗುತ್ತಿತ್ತು. ಮಣ್ಣು ಅಗೆಯುವ ಕೈಗೂ ಸಮಾಜವೇ ಪಾಠ ಕಲಿಸಿರುತ್ತದೆ!

ನಿಂತುಹೋಗಿದ್ದ ಪತ್ರಿಕೆಯನ್ನು ಮಾಸ್ 1925ರಲ್ಲಿ ಮತ್ತೆ ಹೊರತಂದರು. ಕೊಡುವುದು, ಪಡೆಯುವುದು, ಹಿಂದಿರುಗಿಸುವುದು ಎಂಬ ಮೂರು ಕರ್ತವ್ಯಗಳನ್ನು ಕುರಿತ ಅವರ ಪ್ರಸಿದ್ಧ ಪ್ರಬಂಧ ಬಂದದ್ದು ಅದೇ ಸಂಪುಟದಲ್ಲಿ. ಒಂದು ಉಡುಗೊರೆಯಲ್ಲಿ ಧರ್ಮ, ಕಾನೂನು, ವ್ಯಾಪಾರ, ನಂಟಸ್ತನ ಎಲ್ಲವೂ ಹೆಣೆದುಕೊಂಡಿರುತ್ತವೆ. ಒಂದನ್ನು ಕಿತ್ತು ನೋಡಿದರೆ ಉಳಿದುದು ಕಾಣದು ಎಂಬುದು ಅದರ ತಿರುಳು. ಸಂಪುಟದ ಆರಂಭದಲ್ಲಿ ಮಾವನಿಗೂ ಮಡಿದ ಗೆಳೆಯರಿಗೂ ಶ್ರದ್ಧಾಂಜಲಿಯಿತ್ತು. 1928ರಲ್ಲಿ ಎರ್ಟ್ಸ್‌ನ ಬರಹಗಳನ್ನೂ ಮಾವನ ಉಪನ್ಯಾಸಗಳನ್ನೂ ಅವರೇ ಪ್ರಕಟಿಸಿದರು. ಪಡೆದದ್ದನ್ನು ಹಿಂದಿರುಗಿಸಬೇಕೆಂದು ಬರೆದವರು ಹಾಗೆಯೇ ನಡೆದುಕೊಂಡರು.

ಮಾಸ್ ಅವರ ಶಿಷ್ಯ ಲೂಯಿ ಡ್ಯೂಮೋಂ ಈ ದೃಷ್ಟಿಯನ್ನು ಭಾರತಕ್ಕೆ ತಿರುಗಿಸಿದರು. ಮೈಸೂರಿನ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ನಲ್ಲಿ ತೆರವು ಮಾಡಿದ ಉಪನ್ಯಾಸಕರ ಹುದ್ದೆಗೆ 1951ರಲ್ಲಿ ಬಂದವರು ಇವರೇ. ಜಾತಿಯನ್ನು ಬಿಡಿಬಿಡಿಯಾಗಿ ನೋಡದೆ ಮಡಿ-ಮೈಲಿಗೆಯ ಸುತ್ತ ನಿಂತ ಇಡೀ ವ್ಯವಸ್ಥೆಯಾಗಿ ನೋಡಬೇಕೆಂದು 1966ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಇದು ಮೇಲಿನಿಂದ ಕಂಡ ನೋಟ, ತಳದಲ್ಲಿ ನಿಂತವನಿಗೆ ಅದು ವ್ಯವಸ್ಥೆಯಲ್ಲ, ಹೊರೆ ಎಂದು ವಿಮರ್ಶಕರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿದೆ. ಇಡಿಯನ್ನು ನೋಡುವ ಕಣ್ಣು ಬಿಡಿ ಮನುಷ್ಯನ ನೋವನ್ನು ಮರೆತರೆ ಆ ನೋಟವೂ ಅರೆಬರೆಯೇ.

ಮಗುವಿನ ಅಂಕಪಟ್ಟಿ ಹಿಡಿದು ಕೂರುವ ತಂದೆ-ತಾಯಿ ಈ ಎರಡನ್ನೂ ನೆನೆಯಬಹುದು. ಆ ಅಂಕಗಳಲ್ಲಿ ಮನೆ, ಶಾಲೆ, ಊರು ಎಲ್ಲದರ ಪಾಲೂ ಇದೆ. ಆದ್ದರಿಂದ ಸೋಲಿನ ಭಾರವನ್ನೆಲ್ಲ ಮಗುವಿನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಹಾಗೆಂದು ಎಲ್ಲವೂ ಪರಿಸರದ ಕೈಯಲ್ಲಿದೆ ಎಂದು ವಿದ್ಯಾರ್ಥಿ ಕೈಚೆಲ್ಲಿ ಕೂರುವಂತೆಯೂ ಇಲ್ಲ. ಮಾಸ್ ಹಾಗೆ ಕೂತಿದ್ದರೆ ಆ ಬಳಗದ ಎಷ್ಟೋ ಬರಹಗಳು ಇಂದು ನಮ್ಮ ಕೈಸೇರುತ್ತಿರಲಿಲ್ಲ.