‘ರನ್’ ಕ್ರಿಯಾಪದದ ಅರ್ಥವ್ಯಾಪ್ತಿ: ಅಧ್ಯಾಪಕನೊಬ್ಬನ ಕೆಲವು ಅನುಭವಗಳು

ಇಂಗ್ಲಿಷ್ ಭಾಷೆಯಲ್ಲಿ ಅತ್ಯಂತ ಹೆಚ್ಚು ಅರ್ಥಗಳನ್ನು ಹೊತ್ತಿರುವ ಕ್ರಿಯಾಪದ ಯಾವುದೆಂಬ ಪ್ರಶ್ನೆಗೆ ಬಹುಕಾಲ ‘ಸೆಟ್’ ಎಂಬುದೇ ಉತ್ತರವಾಗಿತ್ತು. 1989ರಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಆ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳಿದ್ದವು. ಅದೇ ನಿಘಂಟಿನ ಮೂರನೆಯ ಆವೃತ್ತಿಗಾಗಿ ನಡೆದ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಲಾಗಿದೆಯೆಂಬ ಸಂಗತಿ 2011ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಈ ಒಂದು ಪದದ ಮೇಲೆ ನಿಘಂಟುಕಾರ ಪೀಟರ್ ಗಿಲಿವರ್ ಒಂಬತ್ತು ತಿಂಗಳು ದುಡಿದರು. ಯಂತ್ರಗಳ ಕಾಲ ಬಂದಂತೆಲ್ಲ ಈ ಕ್ರಿಯಾಪದದ ಹೊಣೆ ಬೆಳೆಯುತ್ತ ಹೋಯಿತು. ರೈಲು, ಗಿರಣಿ, ಮೋಟಾರು, ಗಣಕಯಂತ್ರದ ತಂತ್ರಾಂಶ ಎಲ್ಲವೂ ಅಲ್ಲಿ ‘ಓಡ’ತೊಡಗಿದವು.

ಸ್ನಾತಕೋತ್ತರ ತರಗತಿಗಳಲ್ಲಿ ಭಾಷಾಂತರ ಪತ್ರಿಕೆಯನ್ನು ಬೋಧಿಸುವಾಗ ನಾನು ಈ ಪದವನ್ನು ಪ್ರತಿವರ್ಷವೂ ಎತ್ತಿಕೊಳ್ಳುತ್ತೇನೆ. ‘ರನ್’ ಬರುವ ಇಂಗ್ಲಿಷ್ ವಾಕ್ಯಗಳನ್ನು ಕರಿಹಲಗೆಯ ಮೇಲೆ ಬರೆದು, ‘ಓಡು’ ಎಂಬ ಧಾತುವನ್ನು ಬಳಸದೆ ಕನ್ನಡಿಸಲು ಹೇಳುವುದು ರೂಢಿ. ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಸೀರೆ ಬಣ್ಣ ಬಿಡುತ್ತದೆ, ಮನೆಯಲ್ಲಿ ಸಕ್ಕರೆ ತೀರುತ್ತದೆ, ದಾರಿಯಲ್ಲಿ ಹಳೆಯ ಗೆಳೆಯ ಎದುರಾಗುತ್ತಾನೆ, ಮಗುವಿಗೆ ಜ್ವರ ಬರುತ್ತದೆ. ಇಷ್ಟೂ ಕಡೆ ಇಂಗ್ಲಿಷಿಗೆ ಒಂದೇ ಪದ ಸಾಕು. ಗಂಟೆಗೊಮ್ಮೆ ಬಸ್ಸು ಓಡುತ್ತದೆ ಎಂದು ಅವರು ಹೇಳುವಲ್ಲಿ ನಾವು ‘ಗಂಟೆಗೊಂದು ಬಸ್ಸಿದೆ’ ಎನ್ನುತ್ತೇವೆ. ಅಲ್ಲಿ ಚಲನೆಯ ಮಾತೇ ಇಲ್ಲ. ಚುನಾವಣೆಯ ವಿಷಯವಂತೂ ವಿನೋದಕರ. ಅಮೆರಿಕದ ಅಭ್ಯರ್ಥಿ ಓಡುತ್ತಾನೆ, ಬ್ರಿಟನ್ನಿನ ಅಭ್ಯರ್ಥಿಯೂ ನಮ್ಮವನೂ ನಿಲ್ಲುತ್ತಾರೆ. ವಿದ್ಯಾರ್ಥಿಯೊಬ್ಬ ‘ಅಧ್ಯಕ್ಷ ಪದವಿಗೆ ಓಡುತ್ತಿದ್ದಾರೆ’ ಎಂದು ಬರೆದಾಗ ಇಡೀ ತರಗತಿ ನಕ್ಕಿತ್ತು. ಆದರೆ ‘ಚಿತ್ರ ನೂರು ದಿನ ಓಡಿತು’ ಎಂಬುದಕ್ಕೆ ಯಾರೂ ನಗುವುದಿಲ್ಲ. ‘ತಲೆಯೇ ಓಡುತ್ತಿಲ್ಲ’ ಎಂದಾಗಲೂ, ಹುಡುಗಿ ‘ಓಡಿಹೋದಳು’ ಎಂದಾಗಲೂ ಅಷ್ಟೆ. ‘ಓಡು’ ಧಾತುವಿಗೂ ತನ್ನದೇ ಆದ ವಿಸ್ತಾರವಿದೆ, ಆ ವಿಸ್ತಾರದ ಎಲ್ಲೆಗಳು ಮಾತ್ರ ಬೇರೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಧಾತು ‘ನಡೆ’. ಅಂಗಡಿ, ಶಾಲೆ, ಸಂಸಾರ, ಸಂಘ ಇವೆಲ್ಲವನ್ನೂ ಇಂಗ್ಲಿಷ್ ಓಡಿಸಿದರೆ ಕನ್ನಡ ನಡೆಸುತ್ತದೆ. ಅವರಿಗೆ ಅವಸರ, ನಮಗೆ ಸಾವಧಾನ ಎಂದು ಇದಕ್ಕೆ ಸಾಂಸ್ಕೃತಿಕ ವ್ಯಾಖ್ಯಾನ ಕೊಡುವವರನ್ನು ವಿಚಾರಸಂಕಿರಣಗಳಲ್ಲಿ ಕೇಳಿದ್ದೇನೆ. ನನಗದು ಒಪ್ಪಿಗೆಯಾಗುವುದಿಲ್ಲ. ಒಂದು ಧಾತುವಿನ ರೂಢಿಯಿಂದ ಜನಾಂಗದ ಸ್ವಭಾವವನ್ನು ನಿರ್ಣಯಿಸುವುದು ಸುಲಭದ ಜಾಣತನವಷ್ಟೆ.

ಹಳಗನ್ನಡದತ್ತ ತಿರುಗಿದರೆ ಚಿತ್ರ ಇನ್ನಷ್ಟು ಕುತೂಹಲಕರವಾಗುತ್ತದೆ. ಇಂದಿನ ‘ಹರಿ’ಗೆ ಮೂಲವಾದ ‘ಪರಿ’ ನೀರಿಗೆ ಮಾತ್ರ ಮೀಸಲಾಗಿರಲಿಲ್ಲ. ಕುದುರೆ, ರಥ, ಮನುಷ್ಯರೂ ಪರಿಯುತ್ತಿದ್ದರು. 1894ರ ಕಿಟ್ಟೆಲ್ ನಿಘಂಟಿನಲ್ಲಿಯೂ ಓಟ ಮತ್ತು ಹರಿವು ಈ ಧಾತುವಿನ ಅರ್ಥಗಳಾಗಿ ಜೊತೆಯಲ್ಲಿವೆ. ಪಕಾರವು ಹಕಾರವಾಗುವ ಹೊತ್ತಿಗೆ ಓಡುವ ಕೆಲಸವನ್ನು ಬಹುಮಟ್ಟಿಗೆ ‘ಓಡು’ ವಹಿಸಿಕೊಂಡು, ‘ಹರಿ’ಗೆ ನೀರು, ಹಾವು, ಸುದ್ದಿಗಳು ಉಳಿದವು. ಪೂರ್ತಿಯಾಗಿ ಹಾಗಾಯಿತೆನ್ನುವಂತಿಲ್ಲ. ‘ಲಾರಿ ಹರಿದು ಬೈಕ್ ಸವಾರ ಸಾವು’ ಎಂಬ ಶೀರ್ಷಿಕೆಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಇಂಗ್ಲಿಷ್ ವರದಿಗಾರನೂ ಅಲ್ಲಿ ‘ರನ್’ ಎಂದೇ ಬರೆಯುತ್ತಾನೆ. ಬಟ್ಟೆ ಹರಿಯುವ ‘ಹರಿ’ ಇದಲ್ಲ. ಬರೊ ಮತ್ತು ಎಮೆನೊ ತಮ್ಮ ದ್ರಾವಿಡ ಜ್ಞಾತಿಪದಕೋಶದಲ್ಲಿ ಅವೆರಡನ್ನೂ ಬೇರೆ ಬೇರೆ ಧಾತುಗಳಾಗಿಯೇ ಇಟ್ಟಿದ್ದಾರೆ. ಕಾಲುಚೀಲದ ನೂಲು ಬಿಚ್ಚಿ ಸೀಳು ಬಿಡುವುದಕ್ಕೂ ಇಂಗ್ಲಿಷಿನಲ್ಲಿ ‘ರನ್’ ಎನ್ನುವುದರಿಂದ ಉತ್ಸಾಹಿಗಳಾದ ವಿದ್ಯಾರ್ಥಿಗಳು ಎರಡಕ್ಕೂ ಸಂಬಂಧ ಕಲ್ಪಿಸಲು ಹೊರಡುತ್ತಾರೆ. ಅದು ಆಕಸ್ಮಿಕ ಹೋಲಿಕೆಯಷ್ಟೇ ಎಂದು ತಿಳಿಹೇಳಬೇಕಾಗುತ್ತದೆ.

ಇಷ್ಟೆಲ್ಲ ತರಗತಿಯ ವಿನೋದವಾಗಿ ಉಳಿಯಬಹುದಿತ್ತು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಾಯಿಯನ್ನು ಕರೆದುಕೊಂಡು ಮನೆಗೆ ಬಂದ. ಅವನ ಅಣ್ಣನಿಗೆ ಒಂದು ಪ್ರಕರಣದಲ್ಲಿ ಎರಡು ಅಪರಾಧಗಳಿಗಾಗಿ ಶಿಕ್ಷೆಯಾಗಿತ್ತು. ಒಂದಕ್ಕೆ ಮೂರು ವರ್ಷ, ಇನ್ನೊಂದಕ್ಕೆ ಐದು ವರ್ಷ. ಇಂಗ್ಲಿಷಿನಲ್ಲಿದ್ದ ಆದೇಶವನ್ನು ಯಾರೋ ಕನ್ನಡಕ್ಕೆ ಮಾಡಿಕೊಟ್ಟಿದ್ದರು. ಕೊನೆಯ ವಾಕ್ಯ ಹೀಗಿತ್ತು: ‘ಸದರಿ ಎರಡೂ ಶಿಕ್ಷೆಗಳು ಒಟ್ಟುಗೂಡಿ ನಡೆಯತಕ್ಕದ್ದು.’ ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ಲೆಕ್ಕ ಬಲ್ಲವರು. ಮೂರು, ಐದು ಒಟ್ಟುಗೂಡಿದರೆ ಎಂಟು. “ಎಂಟೊರ್ಸ ನಾ ಬದುಕಿರ್ತೀನಾ ಮೇಷ್ಟ್ರೇ?” ಎಂದು ಅವರು ಕೇಳಿದರು. ಮಗ ಬರುವುದರೊಳಗೆ ತಾನು ಸತ್ತರೆ ಮೊಮ್ಮಕ್ಕಳ ಗತಿಯೇನೆಂದು, ಇದ್ದ ಒಂದು ಎಕರೆಯನ್ನು ಮಾರಿ ಹಣ ಇಡುವ ಮಾತುಕತೆಯನ್ನು ಆಗಲೇ ಆರಂಭಿಸಿದ್ದರು.

ಮೂಲದಲ್ಲಿದ್ದುದು ‘ರನ್ ಕನ್‌ಕರೆಂಟ್ಲಿ’ ಎಂಬ ನುಡಿ. ಎರಡು ಶಿಕ್ಷೆಗಳೂ ಅಕ್ಕಪಕ್ಕದಲ್ಲಿ ಒಂದೇ ಕಾಲದಲ್ಲಿ ಸವೆಯುತ್ತವೆ, ದೀರ್ಘವಾದುದು ಮುಗಿದಾಗ ಎರಡೂ ಮುಗಿಯುತ್ತವೆ ಎಂದು ಅದರ ತಾತ್ಪರ್ಯ. ಆತ ಇರಬೇಕಾದದ್ದು ಐದು ವರ್ಷ. ಇದನ್ನು ವಿವರಿಸಿದಾಗ ಆ ತಾಯಿ ಒಮ್ಮೆಗೇ ನಂಬಲಿಲ್ಲ. ಕಾಗದದಲ್ಲಿ ಬರೆದದ್ದು ಸುಳ್ಳೇ ಎಂದರು. ಪರಿಚಿತ ವಕೀಲರೊಬ್ಬರಿಗೆ ದೂರವಾಣಿ ಮಾಡಿ ಅವರ ಬಾಯಿಂದಲೇ ಹೇಳಿಸಬೇಕಾಯಿತು.

ಭಾಷಾಂತರಕಾರನ ಕಷ್ಟ ನನಗೆ ಅರ್ಥವಾಗುತ್ತದೆ. ‘ಕನ್‌ಕರೆಂಟ್’ ಎಂಬುದು ‘ಓಡು’ ಎಂಬರ್ಥದ ‘ಕುರ್ರೆರೆ’ ಎಂಬ ಲ್ಯಾಟಿನ್ ಧಾತುವಿನಿಂದ, ‘ಜೊತೆಗೆ’ ಎಂಬರ್ಥದ ಪ್ರತ್ಯಯ ಸೇರಿ ಆದ ಪದ. (ನಮ್ಮ ಹಳ್ಳಿಗಳಲ್ಲಿ ಆಗಾಗ ಹೋಗುವ ‘ಕರೆಂಟು’ ಕೂಡ ಅದೇ ಕುಲದ್ದು.) ಹೀಗಾಗಿ ಆ ಎರಡು ಪದಗಳಲ್ಲಿ ಇಂಗ್ಲಿಷ್ ಓಟವನ್ನು ಎರಡು ಸಲ ಹೇಳಿದೆ. ಭಾಷಾಂತರಕಾರ ಓಟವನ್ನು ‘ನಡೆ’ ಮಾಡಿದ್ದು ಸರಿಯೇ. ‘ಜೊತೆಗೆ’ ಎಂಬುದನ್ನು ‘ಒಟ್ಟುಗೂಡಿ’ ಎಂದದ್ದು ತೊಡಕಾಯಿತು. ಏಕೆಂದರೆ ಕನ್ನಡದಲ್ಲಿ ‘ಕೂಡು’ ಸಂಗದ ಮಾತೂ ಹೌದು, ಸಂಕಲನದ ಮಾತೂ ಹೌದು. ಸಂಖ್ಯೆಗಳ ಪಕ್ಕದಲ್ಲಿ ಅದು ಬಂದರೆ ಓದುಗ ಸಂಕಲನವನ್ನೇ ಮಾಡುತ್ತಾನೆ. ‘ಒಟ್ಟು’ ಎಂಬುದು ಆ ಅರ್ಥವನ್ನು ಇನ್ನಷ್ಟು ಬಿಗಿಮಾಡಿತು.

ಇದಕ್ಕಿಂತ ಆಳವಾದ ಸಮಸ್ಯೆ ಕರ್ತೃಪದದ್ದೆಂದು ನನಗೆ ತೋರುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಓಡುವುದು ಶಿಕ್ಷೆ. ಕರಾರು ಓಡುತ್ತದೆ, ಗುತ್ತಿಗೆಯ ಅವಧಿ ಓಡುತ್ತದೆ, ಬಡ್ಡಿಯೂ ಓಡುತ್ತದೆ. ಮನುಷ್ಯ ಎಲ್ಲಿಯೂ ಕಾಣಿಸಿಕೊಳ್ಳಬೇಕಾಗಿಲ್ಲ. ಕನ್ನಡದ ಜಾಯಮಾನ ಬೇರೆ. ಶಿಕ್ಷೆಯನ್ನು ಮನುಷ್ಯ ಅನುಭವಿಸುತ್ತಾನೆ, ಜ್ವರ ಮನುಷ್ಯನಿಗೆ ಬರುತ್ತದೆ. ಪ್ರಥಮಾ ವಿಭಕ್ತಿಯಲ್ಲೋ ಚತುರ್ಥಿಯಲ್ಲೋ ಮನುಷ್ಯನೊಬ್ಬ ವಾಕ್ಯದೊಳಗೆ ಬರಬೇಕೆಂದು ನಮ್ಮ ಕಿವಿ ಬಯಸುತ್ತದೆ. ‘ಆರೋಪಿಯು ಎರಡೂ ಶಿಕ್ಷೆಗಳನ್ನು ಒಂದೇ ಅವಧಿಯಲ್ಲಿ ಅನುಭವಿಸತಕ್ಕದ್ದು’ ಎಂದಿದ್ದರೆ ಆ ತಾಯಿ ನನ್ನ ಮನೆಗೆ ಬರಬೇಕಾಗಿರಲಿಲ್ಲ. ‘ಏಕಕಾಲದಲ್ಲಿ ಜಾರಿಯಾಗತಕ್ಕದ್ದು’ ಎಂದರೂ ಕಾನೂನಿನ ದೃಷ್ಟಿಯಿಂದ ಸಾಕೆಂದು ಆ ವಕೀಲರು ವಾದಿಸಿದರು. ಸಾಕಿರಬಹುದು. ಆದರೆ ಎರಡು ಶಿಕ್ಷೆಗಳೂ ಏಕಕಾಲದಲ್ಲಿ ಆರಂಭವಾಗುತ್ತವೆ ಎಂದು ಮಾತ್ರ ಅದನ್ನು ಓದುವವರಿದ್ದಾರೆ.

ಈ ವ್ಯತ್ಯಾಸ ಅಲ್ಪವಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 31ನೆಯ ಪ್ರಕರಣದ ಪ್ರಕಾರ, ಒಂದೇ ವಿಚಾರಣೆಯಲ್ಲಿ ವಿಧಿಸಿದ ಕಾರಾವಾಸದ ಶಿಕ್ಷೆಗಳು ನ್ಯಾಯಾಲಯ ಬೇರೆ ರೀತಿ ನಿರ್ದೇಶಿಸದಿದ್ದರೆ ಒಂದಾದ ಮೇಲೊಂದರಂತೆ ನಡೆಯುತ್ತಿದ್ದವು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 25ನೆಯ ಪ್ರಕರಣವು, ಅಪರಾಧದ ಗಂಭೀರತೆಯನ್ನು ಗಮನಿಸಿ ಇವೆರಡರಲ್ಲಿ ಯಾವುದೆಂದು ನ್ಯಾಯಾಲಯವೇ ಆದೇಶಿಸಬೇಕೆನ್ನುತ್ತದೆ. ಒಬ್ಬನ ಬದುಕಿನ ಮೂರು ವರ್ಷಗಳು ಒಂದು ಕ್ರಿಯಾವಿಶೇಷಣದ ಮೇಲೆ ನಿಂತಿರುತ್ತವೆ. ತೀರ್ಪುಗಳ ಭಾಷಾಂತರಕ್ಕೆ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ‘ಸುವಾಸ್’ ಎಂಬ ಯಾಂತ್ರಿಕ ಭಾಷಾಂತರ ತಂತ್ರಾಂಶವನ್ನು ಬಳಕೆಗೆ ತಂದಿತು; ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಇಂತಹ ಪದಗುಚ್ಛಗಳನ್ನು ಒಟ್ಟಾಗಿ ಪರಿಶೀಲಿಸುವ ಕೆಲಸದಲ್ಲಿ ಕನ್ನಡ ವಿಭಾಗಗಳಿಗೂ ಪಾಲಿರಬೇಕು.

ನಮ್ಮ ಇಂಗ್ಲಿಷ್-ಕನ್ನಡ ನಿಘಂಟುಗಳು ‘ರನ್’ ಪದಕ್ಕೆ ಅರ್ಥಗಳನ್ನು ಧಾರಾಳವಾಗಿಯೇ ಕೊಟ್ಟಿವೆ. ಕೊರತೆ ಸಂಖ್ಯೆಯದಲ್ಲ. ಯಾವ ನಾಮಪದದ ಜೊತೆ ಯಾವ ಧಾತು ಹೊಂದುತ್ತದೆ, ವಾಕ್ಯದಲ್ಲಿ ಕರ್ತೃ ಯಾರಾಗುತ್ತಾರೆ ಎಂಬುದನ್ನು ಸೂಚಿಸುವ ಕ್ರಮ ನಮ್ಮಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ಇದಕ್ಕೆ ಕನ್ನಡದ ಬಹ್ವರ್ಥಕ ಧಾತುಗಳಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಈಗ ನನ್ನ ವಿದ್ಯಾರ್ಥಿನಿಯೊಬ್ಬಳು ‘ಹೊಡೆ’ ಧಾತುವಿನ ಪ್ರಯೋಗಗಳನ್ನು ಸಂಗ್ರಹಿಸುತ್ತಿದ್ದಾಳೆ. ಗೊರಕೆ, ಹರಟೆ, ಬಣ್ಣ, ಮೊಳೆ, ಗಾಳಿ, ಕಾಪಿ, ವಾಸನೆ ಇವೆಲ್ಲವೂ ಅವಳ ಚೀಟಿಗಳಲ್ಲಿವೆ. ಧಾರವಾಡದ ಕಡೆಯವರು ಗಾಡಿ ‘ಹೊಡೆಯು’ತ್ತಾರೆ, ಮೈಸೂರಿನ ಕಡೆಯವರು ಅದನ್ನೇ ‘ಓಡಿಸು’ತ್ತಾರೆ. ಚೀಟಿಗಳ ಸಂಖ್ಯೆ ಮುನ್ನೂರು ದಾಟಿದೆ, ಕರಾವಳಿಯ ಪ್ರಯೋಗಗಳನ್ನು ಅವಳು ಇನ್ನೂ ಮುಟ್ಟಿಲ್ಲ.